ಮೊಹಲ್ಲಾದ ರಾತ್ರಿಗೂ ಒಂದು ಹಕ್ಕಿದೆ

ನೆರೆಯವರ ಹಕ್ಕುಗಳ ಕುರಿತು ನಾವು ಸಾಕಷ್ಟು ಮಾತನಾಡುತ್ತೇವೆ. ಜುಮಾ ಖುತ್ಬಾಗಳಲ್ಲಿ ಕೇಳುತ್ತೇವೆ, ಮದ್ರಸದ ಮಕ್ಕಳಿಗೆ ಕಲಿಸುತ್ತೇವೆ. ನೆರೆಯವನು ಹಸಿದಿರುವಾಗ ತಾನು ಹೊಟ್ಟೆ ತುಂಬ ಉಣ್ಣುವವನ ವಿಶ್ವಾಸ ಪೂರ್ಣವಾಗದು ಎಂಬ ಬೋಧನೆ ನಮ್ಮ ಮನೆಯ ಏಳೆಂಟು ವರ್ಷದ ಮಕ್ಕಳಿಗೂ ತಿಳಿದಿದೆ. ಸಾರು ಮಾಡುವಾಗ ನೀರನ್ನು ಸ್ವಲ್ಪ ಹೆಚ್ಚಿಸಿ ನೆರೆಮನೆಗೂ ಕಳುಹಿಸಬೇಕೆಂಬುದೂ ತಿಳಿದಿದೆ. ಆದರೆ ನೆರೆಯವರ ಹಕ್ಕು ಅಡುಗೆಮನೆಯಲ್ಲಿಯೇ ಮುಗಿದುಹೋಗುತ್ತದೆಯೇ? ಗೋಡೆಯ ಆಚೆ ಮಲಗಿರುವವರಿಗೆ ನಮ್ಮ ಧ್ವನಿಯ ಮೇಲೆ ಹಕ್ಕಿಲ್ಲವೇ? ನಮ್ಮ ಕಿವಿಯ ಮೇಲೆ ಹಕ್ಕಿಲ್ಲವೇ? ಈ ಪ್ರಶ್ನೆಗಳನ್ನು ನಾವು ಕೇಳಿಕೊಳ್ಳುವುದು ಕಡಿಮೆ. ಕೇಳಿಕೊಳ್ಳಬೇಕಾದ ಕಾಲವಂತೂ ಬಂದಿದೆ.

ರಾತ್ರಿಯು ಅಲ್ಲಾಹನ ದೃಷ್ಟಾಂತಗಳಲ್ಲೊಂದು. ಅವನು ರಾತ್ರಿಯನ್ನು ಉಡುಪಿನಂತೆ ಹೊದಿಸಿದ್ದಾನೆ, ನಿದ್ದೆಯನ್ನು ವಿಶ್ರಾಂತಿಯಾಗಿ ಮಾಡಿದ್ದಾನೆ ಎಂದು ಪವಿತ್ರ ಕುರ್‌ಆನ್ ಹಲವು ಕಡೆ ನೆನಪಿಸುತ್ತದೆ. ಹಗಲು ನಿರಂತರವಾಗಿ ಮುಂದುವರಿದರೆ ನಿಮಗೆ ನೆಮ್ಮದಿಯ ರಾತ್ರಿಯನ್ನು ತಂದುಕೊಡುವವರು ಯಾರು ಎಂದು ಸೂರಃ ಅಲ್‌ಕಸಸ್ ಮನುಷ್ಯನನ್ನು ಪ್ರಶ್ನಿಸುತ್ತದೆ. ಹಾಗಿರುವಾಗ ಒಬ್ಬ ಮನುಷ್ಯನ ರಾತ್ರಿಯನ್ನು ಕೆಡಿಸುವುದೆಂದರೆ ಅಲ್ಲಾಹನು ಅವನಿಗೆ ನೀಡಿದ ಒಂದು ಅನುಗ್ರಹವನ್ನು ಕಸಿದುಕೊಂಡಂತೆ. ಇದನ್ನು ನಾವು ಎಷ್ಟು ಗಂಭೀರವಾಗಿ ಪರಿಗಣಿಸಿದ್ದೇವೆ?

ಶಿವಾಜಿನಗರದ ಒಂದು ರಾತ್ರಿ

ಉದಾಹರಣೆಗೆ ಬೆಂಗಳೂರಿನ ಶಿವಾಜಿನಗರವನ್ನೇ ತೆಗೆದುಕೊಳ್ಳೋಣ. ಒಂದು ಕಡೆ ಬೌರಿಂಗ್ ಆಸ್ಪತ್ರೆ, ಇನ್ನೊಂದು ಕಡೆ ಸಂತ ಮೇರಿ ಬಸಿಲಿಕಾ, ನಡುವೆ 1927ರಲ್ಲಿ ಕಟ್ಟಲಾದ ರಸೆಲ್ ಮಾರುಕಟ್ಟೆ, ಬಸ್ ನಿಲ್ದಾಣ, ಹೆಜ್ಜೆಹೆಜ್ಜೆಗೆ ಮಸೀದಿಗಳು. ಮನೆಗೆ ಮನೆ ತಾಗಿರುವ ಗಲ್ಲಿಗಳು. ಇಲ್ಲಿನ ಮಕ್ಕಳಿಗೆ ಪಾಠ ಹೇಳುತ್ತಾ ಬಂದಿರುವ ನಮಗೆ ಈ ಮೊಹಲ್ಲಾದ ಹಗಲಿನ ಗದ್ದಲ ಚೆನ್ನಾಗಿ ಗೊತ್ತು. ಅದರ ರಾತ್ರಿಗೆ ಬೇರೆಯೇ ಒಂದು ಭಾಷೆಯಿದೆ.

ಇಶಾ ಮುಗಿದು ಸ್ವಲ್ಪ ಹೊತ್ತಿಗೆ ಅಂಗಡಿಗಳ ಶಟರ್‌ಗಳು ಒಂದೊಂದಾಗಿ ಕೆಳಗಿಳಿಯುತ್ತವೆ. ಹೋಟೆಲಿನ ತವಾ ಮೇಲೆ ಖೀಮಾ ಕತ್ತರಿಸುವ ಟಕಟಕ ಸದ್ದು ಇನ್ನೂ ಸ್ವಲ್ಪ ಹೊತ್ತು ಮುಂದುವರಿಯುತ್ತದೆ. ಬಸ್ಸುಗಳ ಸದ್ದು ಕಡಿಮೆಯಾಗುತ್ತದೆ. ಆಗ ಅದರ ಅಡಿಯಲ್ಲಿ ಮುಚ್ಚಿಹೋಗಿದ್ದ ಸಣ್ಣ ಸದ್ದುಗಳು ಹೊರಬರುತ್ತವೆ. ಮೇಲಂತಸ್ತಿನಲ್ಲಿ ಹೊಲಿಗೆ ಯಂತ್ರವೊಂದು ಓಡುತ್ತಿರುತ್ತದೆ. ಈದ್ ಹತ್ತಿರ ಬಂದಿದ್ದರೆ ಅದು ಫಜ್ರ್‌ವರೆಗೂ ನಿಲ್ಲದು. ಎಲ್ಲೋ ನೀರಿನ ಮೋಟಾರು ಗುಂಯ್‌ಗುಟ್ಟುತ್ತದೆ, ಪ್ಲಾಸ್ಟಿಕ್ ಬಿಂದಿಗೆಗಳು ನೆಲಕ್ಕೆ ತಾಗುತ್ತವೆ; ಹೊತ್ತಲ್ಲದ ಹೊತ್ತಿನಲ್ಲಿ ಬರುವ ನೀರಿಗಾಗಿ ಒಬ್ಬ ತಾಯಿ ಎದ್ದಿದ್ದಾಳೆ. ಮನೆಮನೆಗೆ ಊಟ ತಲುಪಿಸುವ ಕೆಲಸ ಮುಗಿಸಿದ ಹುಡುಗನೊಬ್ಬ ಬೈಕಿನ ಎಂಜಿನ್ ಆರಿಸಿ ಅದನ್ನು ಗಲ್ಲಿಯೊಳಗೆ ತಳ್ಳಿಕೊಂಡು ಬರುತ್ತಾನೆ. ಅವನಿಗೆ ನೆರೆಯವರ ಹಕ್ಕನ್ನು ಯಾರು ಕಲಿಸಿದರೋ, ಅವರಿಗೆ ಅಲ್ಲಾಹನು ಪ್ರತಿಫಲ ನೀಡಲಿ.

ನಡುರಾತ್ರಿ ದಾಟಿದ ಮೇಲೆ ನಾಯಿಗಳು ಬೊಗಳುತ್ತವೆ. ದಂಡು ರೈಲು ನಿಲ್ದಾಣದ ಕಡೆಯಿಂದ ರೈಲಿನ ಕೂಗು ಪಕ್ಕದ ರಸ್ತೆಯಿಂದಲೇ ಬಂದಂತೆ ಕೇಳಿಸುತ್ತದೆ. ಬೌರಿಂಗ್ ಆಸ್ಪತ್ರೆಗೆ ಆಂಬುಲೆನ್ಸ್ ಬರುತ್ತದೆ. ಯಾವುದೋ ಮನೆಯಲ್ಲಿ ಹಸುಳೆಯೊಂದು ಅಳುತ್ತದೆ, ತಾಯಿಯ ಲಾಲಿಯ ಗುನುಗು ಕೇಳಿಸುತ್ತದೆ. ಮುದುಕರೊಬ್ಬರು ಕೆಮ್ಮುತ್ತಾರೆ. ಬೆಳಗಿನ ಜಾವ ಮಾರುಕಟ್ಟೆಯ ಕಡೆ ಲಾರಿಗಳು ಬರುತ್ತವೆ; ಮೀನಿನ ಪೆಟ್ಟಿಗೆಗಳನ್ನು ನೆಲದ ಮೇಲೆ ಎಳೆಯುವ, ಮಂಜುಗಡ್ಡೆ ಒಡೆಯುವ ಸದ್ದು, ಹಮಾಲರ ಕೂಗು. ಬಳಿಕ ಹಾಲಿನ ವ್ಯಾನು. ಕೊನೆಗೆ ಅಝಾನ್. ಇನ್ನೂ ಸ್ವಲ್ಪ ಹೊತ್ತಿಗೆ ಬಸಿಲಿಕಾದ ಗಂಟೆ.

ಹಗಲಿನಲ್ಲಿ ಕೇಳದ ರೈಲು ರಾತ್ರಿ ಏಕೆ ಅಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ? ಹಗಲಿನ ಗದ್ದಲ ಇಲ್ಲದಿರುವುದು ಒಂದು ಕಾರಣ. ಇನ್ನೊಂದು ಕಾರಣ ಗಾಳಿಯಲ್ಲಿದೆ. ಬಿಸಿಲಿನ ಹೊತ್ತಿನಲ್ಲಿ ನೆಲದ ಸಮೀಪದ ಗಾಳಿ ಬಿಸಿಯಾಗಿ, ಮೇಲಿನ ಗಾಳಿ ತಂಪಾಗಿರುತ್ತದೆ. ಆಗ ಶಬ್ದದ ಅಲೆಗಳು ಮೇಲಕ್ಕೆ ಬಾಗಿ ಚದುರಿಹೋಗುತ್ತವೆ. ರಾತ್ರಿ ನೆಲ ತಣ್ಣಗಾದಾಗ ಸ್ಥಿತಿ ತಿರುಗಿ, ಅವೇ ಅಲೆಗಳು ಕೆಳಕ್ಕೆ ಬಾಗಿ ಮನೆಗಳ ಕಡೆಗೇ ಬರುತ್ತವೆ. ಅಂದರೆ ಸೃಷ್ಟಿಕರ್ತನು ರಾತ್ರಿಯನ್ನು ರೂಪಿಸಿರುವುದೇ ಹಾಗೆ: ಸಣ್ಣ ಧ್ವನಿಯೂ ದೂರ ತಲುಪುತ್ತದೆ. ಕೆಮ್ಮು ಗೋಡೆ ದಾಟುತ್ತದೆ, ಅಳು ಗಲ್ಲಿ ದಾಟುತ್ತದೆ. ಇದು ಕಷ್ಟದಲ್ಲಿರುವವನಿಗೆ ವರವಾಗಬಹುದು. ಗದ್ದಲ ಎಬ್ಬಿಸುವವನ ಕೈಯಲ್ಲಿ ನೆರೆಯವರಿಗೆ ಶಿಕ್ಷೆಯೂ ಆಗಬಹುದು.

ಮದೀನಾದ ರಾತ್ರಿ

ಪ್ರವಾದಿ(ಸ)ರ ಜೀವನ ಚರಿತ್ರೆಯನ್ನು ಓದುವಾಗ ನಾವು ಯುದ್ಧಗಳನ್ನು, ಒಪ್ಪಂದಗಳನ್ನು, ಪ್ರಯಾಣಗಳನ್ನು ಗಮನಿಸುತ್ತೇವೆ. ಅವರು ಮದೀನಾದ ರಾತ್ರಿಯನ್ನು ಹೇಗೆ ಆಲಿಸುತ್ತಿದ್ದರು ಎಂಬುದರತ್ತ ನಮ್ಮ ಗಮನ ಹರಿಯುವುದು ಕಡಿಮೆ.

ಅಬೂ ಮೂಸಾ ಅಲ್‌ಅಶ್‌ಅರೀ(ರ)ರ ಕುಲದವರು ಯಮನಿನಿಂದ ಬಂದು ಮದೀನಾದಲ್ಲಿ ನೆಲೆಸಿದವರು. ಅವರ ಕುರಿತು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ಒಂದು ಹದೀಸ್ ಇದೆ. ಅವರು ಹಗಲಿನಲ್ಲಿ ಎಲ್ಲಿ ಇಳಿದುಕೊಂಡರೆಂಬುದನ್ನು ತಾವು ಕಂಡಿರದಿದ್ದರೂ, ರಾತ್ರಿ ಅವರು ಕುರ್‌ಆನ್ ಪಠಿಸುವ ಧ್ವನಿಯಿಂದಲೇ ಅವರ ಮನೆಗಳು ಯಾವುವೆಂದು ಗುರುತಿಸಬಲ್ಲೆವೆಂದು ಪ್ರವಾದಿ(ಸ) ತಿಳಿಸಿದರು. ಸಹೋದರರೇ, ಈ ಮಾತಿನ ಆಳವನ್ನು ಒಮ್ಮೆ ಯೋಚಿಸಿ ನೋಡಿ. ಇಡೀ ಸಮುದಾಯದ ಹೊಣೆ ಹೊತ್ತ ನಾಯಕರೊಬ್ಬರಿಗೆ ಹೊಸದಾಗಿ ಬಂದ ವಲಸಿಗರ ಮನೆಗಳು ಅವರ ರಾತ್ರಿಯ ಧ್ವನಿಯಿಂದ ಪರಿಚಿತವಾಗಿದ್ದವು. ನಮ್ಮ ಗಲ್ಲಿಗೆ ಹೊಸದಾಗಿ ಬಾಡಿಗೆಗೆ ಬಂದ ಕುಟುಂಬದ ಬಗ್ಗೆ ನಮಗೇನು ಗೊತ್ತಿದೆ?

ಇನ್ನೊಂದು ರಾತ್ರಿ ಪ್ರವಾದಿ(ಸ) ಹೊರಟಾಗ ಅಬೂಬಕರ್(ರ) ಬಹಳ ತಗ್ಗಿದ ಧ್ವನಿಯಲ್ಲಿ ನಮಾಝ್ ಮಾಡುತ್ತಿದ್ದರು. ಉಮರ್(ರ) ಎತ್ತರದ ಧ್ವನಿಯಲ್ಲಿ ಪಠಿಸುತ್ತಿದ್ದರು. ಮರುದಿನ ಇಬ್ಬರನ್ನೂ ವಿಚಾರಿಸಿದರು. ತಾನು ಯಾರೊಡನೆ ಸಂಭಾಷಿಸುತ್ತಿರುವೆನೋ ಅವನಿಗೆ ಕೇಳಿಸಿದೆ ಎಂದು ಅಬೂಬಕರ್(ರ) ಹೇಳಿದರು. ತೂಕಡಿಸುವವರನ್ನು ಎಚ್ಚರಿಸುತ್ತಿದ್ದೆ, ಶೈತಾನನನ್ನು ಓಡಿಸುತ್ತಿದ್ದೆ ಎಂದು ಉಮರ್(ರ) ಹೇಳಿದರು. ಇಬ್ಬರ ಉದ್ದೇಶವೂ ಒಳ್ಳೆಯದೇ. ಆದರೂ ಒಬ್ಬರಿಗೆ ಧ್ವನಿಯನ್ನು ತುಸು ಏರಿಸಲು, ಇನ್ನೊಬ್ಬರಿಗೆ ತುಸು ಇಳಿಸಲು ಪ್ರವಾದಿ(ಸ) ಸೂಚಿಸಿದರು. ಉದ್ದೇಶ ಒಳ್ಳೆಯದಿದ್ದರೆ ಧ್ವನಿ ಎಷ್ಟಿದ್ದರೂ ಆದೀತೆಂದು ವಾದಿಸುವವರಿಗೆ ಈ ಹದೀಸಿನಲ್ಲಿ ಉತ್ತರವಿದೆ.

ಒಮ್ಮೆ ಮಸೀದಿಯಲ್ಲಿ ಇಅ್‌ತಿಕಾಫ್‌ನಲ್ಲಿದ್ದಾಗ ಜನರು ಗಟ್ಟಿಯಾಗಿ ಕುರ್‌ಆನ್ ಪಠಿಸುತ್ತಿರುವುದು ಪ್ರವಾದಿ(ಸ)ರಿಗೆ ಕೇಳಿಸಿತು. ಅವರು ಪರದೆ ಸರಿಸಿ, ಪ್ರತಿಯೊಬ್ಬನೂ ತನ್ನ ಪ್ರಭುವಿನೊಡನೆ ಗುಟ್ಟಿನಲ್ಲಿ ಸಂಭಾಷಿಸುತ್ತಿದ್ದಾನೆ, ಆದುದರಿಂದ ಒಬ್ಬರಿಗೊಬ್ಬರು ತೊಂದರೆ ಕೊಡಬಾರದು, ಒಬ್ಬರ ಪಠಣದ ಮೇಲೆ ಇನ್ನೊಬ್ಬರು ಧ್ವನಿಯೇರಿಸಬಾರದು ಎಂದು ತಿಳಿಹೇಳಿದರು. ಅಬೂದಾವೂದ್ ಗ್ರಂಥದ ಈ ವರದಿಯಲ್ಲಿ ತೊಂದರೆ ಎಂಬ ಪದ ಬಳಕೆಯಾಗಿರುವುದು ಅಲ್ಲಾಹನ ವಚನವನ್ನು ಓದುತ್ತಿದ್ದವರ ಧ್ವನಿಯ ಕುರಿತು. ಹಾಗಾದರೆ ಹಾಡು, ಪಟಾಕಿ, ಘೋಷಣೆಗಳ ಬಗ್ಗೆ ಹೇಳಬೇಕೇ?

ಪ್ರವಾದಿ(ಸ) ರಾತ್ರಿ ಹೊತ್ತು ಬಂದಾಗ ಮಲಗಿದವರು ಎಚ್ಚರಗೊಳ್ಳದಂತೆ, ಎಚ್ಚರವಿದ್ದವರಿಗೆ ಮಾತ್ರ ಕೇಳಿಸುವಂತೆ ಸಲಾಮ್ ಹೇಳುತ್ತಿದ್ದರೆಂದು ಮಿಕ್ದಾದ್(ರ) ವರದಿ ಮಾಡಿದ್ದಾರೆ. ಒಂದು ರಾತ್ರಿ ಬಕೀ ದಫನಭೂಮಿಗೆ ಹೊರಟಾಗ ಆಯಿಶಾ(ರ) ಮಲಗಿದ್ದಾರೆಂದು ಭಾವಿಸಿ ಮೆಲ್ಲನೆ ಹೊದಿಕೆ ತೆಗೆದುಕೊಂಡರು, ಮೆಲ್ಲನೆ ಪಾದರಕ್ಷೆ ತೊಟ್ಟರು, ಮೆಲ್ಲನೆ ಬಾಗಿಲು ತೆರೆದು ಮೆಲ್ಲನೆ ಮುಚ್ಚಿದರು. ಇದನ್ನು ವರದಿ ಮಾಡಿದವರು ಸ್ವತಃ ಆಯಿಶಾ(ರ). ಬಾಗಿಲು ಮುಚ್ಚುವ ಸದ್ದಿನಲ್ಲೂ ಸುನ್ನತ್ತು ಇದೆಯೆಂದು ನಮ್ಮ ಮಕ್ಕಳಿಗೆ ನಾವು ಎಂದಾದರೂ ಹೇಳಿಕೊಟ್ಟಿದ್ದೇವೆಯೇ?

ಅಝಾನ್‌ನ ವಿಷಯದಲ್ಲೂ ಮದೀನಾದ ಜನ ಕಿವಿಯಿಂದಲೇ ರಾತ್ರಿಯನ್ನು ಅಳೆಯುತ್ತಿದ್ದರು. ಬಿಲಾಲ್(ರ)ರ ಅಝಾನ್ ಇನ್ನೂ ಕತ್ತಲಿರುವಾಗಲೇ ಮೊಳಗುತ್ತಿತ್ತು. ನಮಾಝ್‌ನಲ್ಲಿ ನಿಂತವರು ತುಸು ವಿಶ್ರಮಿಸಲು, ಮಲಗಿದವರು ಏಳಲು ಅದು ಸೂಚನೆ. ಇಬ್ನು ಉಮ್ಮಿ ಮಕ್ತೂಮ್(ರ)ರ ಅಝಾನ್ ಕೇಳುವವರೆಗೂ ಸಹರಿ ಉಣ್ಣಬಹುದಿತ್ತು. ಅವರು ಅಂಧರು, ಬೆಳಗಾಯಿತೆಂದು ಜನರು ಹೇಳಿದ ಮೇಲೆಯೇ ಅವರು ಅಝಾನ್ ಕೊಡುತ್ತಿದ್ದರು. ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿಸಿಕೊಂಡು, ಆ ಒಬ್ಬರ ಧ್ವನಿಯನ್ನು ಇಡೀ ಊರು ಗುರುತಿಸಿ ಉಪವಾಸ ಆರಂಭಿಸುತ್ತಿತ್ತು. ಕೇಳಿಸಿಕೊಳ್ಳುವ ಸಮಾಜ ಎಂದರೆ ಅದು.

ಆಲಿಸುವುದಕ್ಕೂ ಒಂದು ಮೇರೆ

ಎರಡನೆಯ ಖಲೀಫಾ ಉಮರ್(ರ)ರು ರಾತ್ರಿ ಹೊತ್ತು ಊರು ಸುತ್ತುತ್ತಿದ್ದ ಘಟನೆಗಳು ನಮಗೆಲ್ಲ ತಿಳಿದಿರುವಂಥವು. ಅದರಲ್ಲೊಂದು ನಮ್ಮ ವಿಷಯಕ್ಕೆ ತೀರಾ ಹತ್ತಿರದ್ದು. ಮದೀನಾದ ಹೊರಗೆ ವರ್ತಕರ ತಂಡವೊಂದು ಬಿಡಾರ ಹೂಡಿತ್ತು. ಅವರನ್ನು ಕಾಯುತ್ತಿದ್ದ ಉಮರ್(ರ)ರಿಗೆ ಮಗುವೊಂದು ಅಳುವುದು ಕೇಳಿಸಿತು. ತಾಯಿಯ ಬಳಿ ಹೋಗಿ ಮಗುವನ್ನು ನೋಡಿಕೊಳ್ಳಲು ಹೇಳಿ ಬಂದರು. ಮತ್ತೆ ಅಳು ಕೇಳಿಸಿತು, ಮತ್ತೆ ಹೋದರು. ರಾತ್ರಿಯ ಕೊನೆಗೆ ಮೂರನೆಯ ಬಾರಿ ಹೋಗಿ ವಿಚಾರಿಸಿದಾಗ, ಅವರು ಯಾರೆಂದು ಅರಿಯದ ಆ ತಾಯಿ ನಿಜ ಸಂಗತಿ ಹೇಳಿದಳು. ಮೊಲೆ ಬಿಟ್ಟ ಮಕ್ಕಳಿಗೆ ಮಾತ್ರ ಖಲೀಫರು ಭತ್ಯೆ ನಿಗದಿಪಡಿಸಿದ್ದಾರೆ, ಆದ್ದರಿಂದ ಮಗುವಿಗೆ ಬೇಗನೆ ಮೊಲೆ ಬಿಡಿಸುತ್ತಿದ್ದೇನೆ ಎಂದಳು. ಅಂದು ಫಜ್ರ್ ನಮಾಝ್‌ನಲ್ಲಿ ಉಮರ್(ರ)ರ ಅಳುವಿನಿಂದಾಗಿ ಅವರ ಪಠಣ ಜನರಿಗೆ ಸ್ಪಷ್ಟವಾಗಿ ಕೇಳಿಸಲಿಲ್ಲ. ಇನ್ನು ಮುಂದೆ ಹುಟ್ಟಿದ ಪ್ರತಿ ಮಗುವಿಗೂ ಭತ್ಯೆ ಎಂದು ಅವರು ಘೋಷಿಸಿದರು. ಒಂದು ರಾಜ್ಯದ ಕಾನೂನು ಬದಲಾದುದು ರಾತ್ರಿ ಕೇಳಿಸಿದ ಒಂದು ಅಳುವಿನಿಂದ. ಆ ಅಳು ಅವರಿಗೆ ಕೇಳಿಸಿತು, ಏಕೆಂದರೆ ಅವರು ಕಿವಿಗೊಟ್ಟಿದ್ದರು ಮತ್ತು ಆ ರಾತ್ರಿ ನಿಶ್ಶಬ್ದವಾಗಿತ್ತು.

ಇದೇ ಉಮರ್(ರ)ರ ಕುರಿತು ಇನ್ನೊಂದು ಘಟನೆಯೂ ಪ್ರಸಿದ್ಧವಾಗಿದೆ. ಒಂದು ರಾತ್ರಿ ಮನೆಯೊಂದರಿಂದ ಹಾಡಿನ ಧ್ವನಿ ಕೇಳಿ ಅವರು ಗೋಡೆ ಹತ್ತಿ ಒಳಗಿಳಿದರು. ಮನೆಯಾತ ತನ್ನ ತಪ್ಪನ್ನು ಒಪ್ಪಿಕೊಂಡ, ಆದರೆ ಖಲೀಫರ ಮೂರು ತಪ್ಪುಗಳನ್ನು ಎತ್ತಿ ತೋರಿಸಿದ: ಗುಟ್ಟು ಹುಡುಕಿದಿರಿ, ಬಾಗಿಲಿನಿಂದ ಬರಲಿಲ್ಲ, ಸಲಾಮ್ ಹೇಳಿ ಅನುಮತಿ ಕೇಳಲಿಲ್ಲ. ಉಮರ್(ರ) ಅವನನ್ನು ಹಾಗೆಯೇ ಬಿಟ್ಟು ಮರಳಿದರು. ಸೂರಃ ಅಲ್‌ಹುಜುರಾತ್ ಇತರರ ಗುಟ್ಟುಗಳನ್ನು ಶೋಧಿಸುವುದನ್ನು ಸ್ಪಷ್ಟವಾಗಿ ನಿಷೇಧಿಸಿದೆ. ಇಷ್ಟವಿಲ್ಲದವರ ಮಾತನ್ನು ಕದ್ದು ಕೇಳುವವನ ಕಿವಿಗೆ ಪರಲೋಕದಲ್ಲಿ ಕರಗಿದ ಸೀಸ ಸುರಿಯಲಾಗುವುದೆಂಬ ಎಚ್ಚರಿಕೆ ಹದೀಸಿನಲ್ಲಿದೆ.

ಆದ್ದರಿಂದ ಆಲಿಸುವುದು ಬೇರೆ, ಕದ್ದು ಕೇಳುವುದು ಬೇರೆ. ಪಕ್ಕದ ಮನೆಯ ಗಂಡಹೆಂಡಿರ ಮಾತಿಗೆ ಗೋಡೆಗೆ ಕಿವಿಯಾನಿಸಿ, ಬೆಳಿಗ್ಗೆ ಅದನ್ನು ನಾಲ್ಕು ಮನೆಗೆ ಹಂಚುವುದು ಪಾಪ. ಅದೇ ಗೋಡೆಯಾಚೆ ಯಾರೋ ನರಳುತ್ತಿರುವುದು ತಾನಾಗಿ ಕೇಳಿಸಿದಾಗ ಕಿವಿ ಮುಚ್ಚಿಕೊಂಡು ಮಗ್ಗುಲಾಗುವುದೂ ಪಾಪವೇ. ಹೆಂಗಸೊಬ್ಬಳನ್ನು ಹೊಡೆಯುವ ಸದ್ದು ಕೇಳಿಸಿದಾಗ ಅದು ಅವರ ಮನೆಯ ವಿಷಯವೆಂದು ಸುಮ್ಮನಿರುವವರು ಗುಟ್ಟು ಕಾಯುತ್ತಿಲ್ಲ, ಅನ್ಯಾಯವನ್ನು ಕಾಯುತ್ತಿದ್ದಾರೆ. ನೆರೆಯವರ ಕಷ್ಟಕ್ಕೆ ಕಿವಿ ತೆರೆದಿರಬೇಕು, ನೆರೆಯವರ ಲೋಪಕ್ಕೆ ಮುಚ್ಚಿರಬೇಕು. ನಮ್ಮಲ್ಲಿ ಅನೇಕರ ಅಭ್ಯಾಸ ಇದಕ್ಕೆ ತಿರುವುಮುರುವಾಗಿದೆ.

ಕೇಳಿಸದೆ ಹೋದ ಕೆಮ್ಮು

ನಮ್ಮ ಗಲ್ಲಿಯಲ್ಲಿ ಒಬ್ಬ ವೃದ್ಧೆ ಒಂಟಿಯಾಗಿ ವಾಸಿಸುತ್ತಿದ್ದರು. ಅವರಿಗೆ ಉಬ್ಬಸದ ಕಾಯಿಲೆ. ಪ್ರತಿ ರಾತ್ರಿ ಎರಡು ಮೂರು ಬಾರಿ ಎದ್ದು ಕೆಮ್ಮುವುದು ವಾಡಿಕೆ. ಪಕ್ಕದ ಮನೆಯ ಹೆಣ್ಣುಮಗಳಿಗೆ ಆ ಕೆಮ್ಮು ಗಡಿಯಾರದಂತೆ ಅಭ್ಯಾಸವಾಗಿತ್ತು. ಒಂದು ರಾತ್ರಿ ಅವಳು ಮಗುವಿಗೆ ಹಾಲು ಕುಡಿಸಲು ಎದ್ದಾಗ ಬಹಳ ಹೊತ್ತಾದರೂ ಕೆಮ್ಮು ಕೇಳಿಸಲಿಲ್ಲ. ಮನಸ್ಸು ತಡೆಯದೆ ಗಂಡನನ್ನು ಎಬ್ಬಿಸಿ ಕರೆದುಕೊಂಡು ಹೋಗಿ ಬಾಗಿಲು ತಟ್ಟಿದಳು. “ಖಾಲಾ, ಖಾಲಾ” ಎಂದು ಕರೆದರೂ ಉತ್ತರವಿಲ್ಲ. ಬಾಗಿಲು ಬಲವಂತವಾಗಿ ತೆರೆದು ನೋಡಿದರೆ ಅವರು ಬಚ್ಚಲಿನ ಬಳಿ ಬಿದ್ದಿದ್ದರು, ಉಸಿರು ಇನ್ನೂ ಆಡುತ್ತಿತ್ತು. ಆಸ್ಪತ್ರೆಗೆ ಸಾಗಿಸಿದರು. ಅಲ್ಲಾಹನ ಕೃಪೆಯಿಂದ ಅವರು ಚೇತರಿಸಿಕೊಂಡು ಮನೆಗೆ ಮರಳಿದರು.

ಆ ಹೆಣ್ಣುಮಗಳನ್ನು ಎಲ್ಲರೂ ಹೊಗಳಿದರು. ಹೊಗಳಿಕೆಗೆ ಅವಳು ಅರ್ಹಳೇ. ಆದರೆ ಅವಳೇ ಹೇಳಿದ ಒಂದು ಮಾತು ನಮ್ಮನ್ನು ಕಾಡುತ್ತಲೇ ಇದೆ. “ಹಿಂದಿನ ರಾತ್ರಿ ಆಗಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ ಹಜ್ರತ್, ಅಂದು ಮೆಹೆಂದಿ ಇತ್ತಲ್ಲ” ಎಂದಳು. ಹಿಂದಿನ ರಾತ್ರಿ ಅದೇ ಗಲ್ಲಿಯಲ್ಲಿ ಮದುವೆ ಮನೆಯ ಮೆಹೆಂದಿ ಸಮಾರಂಭ. ಎರಡು ಆಳೆತ್ತರದ ಸ್ಪೀಕರ್‌ಗಳು ರಾತ್ರಿ ಒಂದು ಗಂಟೆಯವರೆಗೆ ಮೊಳಗಿದ್ದವು. ಕಿಟಕಿಯ ಗಾಜುಗಳು ನಡುಗುತ್ತಿದ್ದವು. ಖಾಲಾ ಆ ರಾತ್ರಿ ಬಿದ್ದಿದ್ದರೆ ಕೆಮ್ಮೂ ಕೇಳಿಸುತ್ತಿರಲಿಲ್ಲ, ಕೆಮ್ಮು ನಿಂತದ್ದೂ ತಿಳಿಯುತ್ತಿರಲಿಲ್ಲ.

ಗದ್ದಲವು ನಿದ್ದೆ ಕೆಡಿಸುತ್ತದೆಂದು ಎಲ್ಲರೂ ಹೇಳುತ್ತಾರೆ. ಅದು ನಿಜ. ಬೆಳಗಿನ ತರಗತಿಗೆ ಬರುವ ಮಕ್ಕಳ ಕಣ್ಣುಗಳೇ ಸಾಕ್ಷಿ. ಸಬಕ್ ಒಪ್ಪಿಸುತ್ತಾ ತೂಕಡಿಸುವ ಹುಡುಗನನ್ನು ವಿಚಾರಿಸಿದರೆ, ಪಕ್ಕದ ರಸ್ತೆಯಲ್ಲಿ ಡಿಜೆ ಇತ್ತು ಎನ್ನುತ್ತಾನೆ. 2025ರಲ್ಲಿ ರಮಝಾನ್ ತಿಂಗಳಲ್ಲಿಯೇ ಎಸೆಸೆಲ್ಸಿ ಪರೀಕ್ಷೆ ಆರಂಭವಾಯಿತು. ತರಾವೀಹ್ ಮುಗಿಸಿ ಪುಸ್ತಕ ಹಿಡಿದ ಮಕ್ಕಳಿಗೆ ರಸ್ತೆಯ ರಾತ್ರಿ ಗದ್ದಲ ಎಂಥ ಪರೀಕ್ಷೆಯಾಗಿತ್ತೆಂಬುದು ತಾಯಂದಿರಿಗೆ ಗೊತ್ತು. ಆದರೆ ಗದ್ದಲದ ಇನ್ನೊಂದು ಹಾನಿ ಇದಕ್ಕಿಂತ ದೊಡ್ಡದು. ಅದು ನಮ್ಮನ್ನು ಪರಸ್ಪರರಿಗೆ ಕೇಳಿಸದಂತೆ ಮಾಡುತ್ತದೆ. ಸಹಾಯಕ್ಕಾಗಿ ಕರೆಯುವವನ ಧ್ವನಿಯನ್ನು ನುಂಗುತ್ತದೆ.

ಕಿವಿಯೊಳಗಿನ ಇಯರ್‌ಫೋನ್ ಕೂಡ ಇದೇ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿದೆ. ಮನೆಯ ನಾಲ್ವರು ನಾಲ್ಕು ಮೂಲೆಗಳಲ್ಲಿ ಕುಳಿತು, ನಡುರಾತ್ರಿಯವರೆಗೆ ನಾಲ್ಕು ಲೋಕಗಳ ಧ್ವನಿ ಕೇಳುತ್ತಿರುತ್ತಾರೆ. ದೂರದ ದೇಶದ ಪ್ರವಚನಕಾರರ ಮಾತು ಕೇಳಿಸುತ್ತದೆ, ಒಳಕೋಣೆಯಲ್ಲಿ ಅಜ್ಜಿ ನೀರು ಕೇಳಿದ್ದು ಕೇಳಿಸುವುದಿಲ್ಲ. ಇಶಾ ನಮಾಝ್‌ನ ಬಳಿಕ ಹರಟೆಯನ್ನು ಪ್ರವಾದಿ(ಸ) ಇಷ್ಟಪಡುತ್ತಿರಲಿಲ್ಲ ಎಂಬ ಹದೀಸ್‌ನ ತಾತ್ಪರ್ಯ ಇಂದು ನಮ್ಮ ಮೊಬೈಲಿಗೂ ಅನ್ವಯಿಸುತ್ತದೆ ಎಂಬುದು ನಮ್ಮ ಅಭಿಪ್ರಾಯ.

ನಮ್ಮನ್ನೇ ಏಕೆ ಕೇಳುತ್ತೀರಿ?

ಈ ವಿಷಯ ಎತ್ತಿದಾಗಲೆಲ್ಲ ಒಂದು ಆಕ್ಷೇಪ ಬರುತ್ತದೆ. ಊರಿನಲ್ಲಿ ಎಲ್ಲರೂ ಗದ್ದಲ ಮಾಡುತ್ತಾರೆ. ರಾಜಕೀಯ ಸಭೆಗಳಿವೆ, ಉತ್ಸವಗಳಿವೆ, ಪಬ್ಬುಗಳಿವೆ. ದೂರು ಮಾತ್ರ ನಮ್ಮ ಮಸೀದಿಯ ಮೇಲೆಯೇ ಏಕೆ? ಈ ನೋವಿನಲ್ಲಿ ನಿಜಾಂಶವಿದೆ. ಕೆಲವೇ ನಿಮಿಷಗಳಲ್ಲಿ ಮುಗಿಯುವ ಅಝಾನ್‌ನ ವಿರುದ್ಧ ದ್ವೇಷದಿಂದ ಧ್ವನಿಯೆತ್ತುವವರಿದ್ದಾರೆ. ಅವರ ಉದ್ದೇಶ ನೆಮ್ಮದಿಯ ನಿದ್ದೆಯಲ್ಲವೆಂಬುದು ಎಲ್ಲರಿಗೂ ಗೊತ್ತು. 2022ರ ಮೇ ತಿಂಗಳಲ್ಲಿ ರಾಜ್ಯ ಸರಕಾರ ಧ್ವನಿವರ್ಧಕಗಳ ಕುರಿತು ಆದೇಶ ಹೊರಡಿಸಿದಾಗ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಸೀದಿಯ ಧ್ವನಿವರ್ಧಕ ಬಳಸದಿರಲು ನಮ್ಮ ಉಲಮಾಗಳು ತೀರ್ಮಾನಿಸಿದರು. ಅದು ಪ್ರಬುದ್ಧ ನಡೆ. ಆದರೆ ಫಜ್ರ್ ಅಝಾನ್‌ನ ಧ್ವನಿಯನ್ನೇ ತಗ್ಗಿಸಿದ ಸಮುದಾಯವು ಮೆಹೆಂದಿ ರಾತ್ರಿಯ ಸ್ಪೀಕರನ್ನು ತಗ್ಗಿಸದಿದ್ದರೆ ಅದಕ್ಕೆ ಏನೆನ್ನಬೇಕು? ಇಬಾದತ್ತಿನ ಧ್ವನಿ ತಗ್ಗಿತು, ಮೋಜಿನ ಧ್ವನಿ ಉಳಿಯಿತು!

ಇನ್ನೊಬ್ಬರು ನಮ್ಮ ಹಕ್ಕನ್ನು ಪಾಲಿಸುವುದಿಲ್ಲ ಎಂಬುದು ನಾವು ಅವರ ಹಕ್ಕನ್ನು ಮುರಿಯಲು ಅನುಮತಿಯಾಗದು. ಯಾರ ಕಿರುಕುಳದಿಂದ ನೆರೆಯವನು ಸುರಕ್ಷಿತನಲ್ಲವೋ ಅವನ ವಿಶ್ವಾಸವನ್ನೇ ಪ್ರವಾದಿ(ಸ) ಮೂರು ಬಾರಿ ಆಣೆಯಿಟ್ಟು ನಿರಾಕರಿಸಿದ್ದಾರೆ. ಆ ನೆರೆಯವನು ಯಾವ ಧರ್ಮದವನೆಂದು ಅಲ್ಲಿ ಹೇಳಿಲ್ಲ. ಮನೆಯಲ್ಲಿ ಕುರಿ ಕೊಯ್ದಾಗ, ನಮ್ಮ ಯಹೂದಿ ನೆರೆಯವರಿಗೆ ಕೊಟ್ಟಿರಾ ಎಂದು ಅಬ್ದುಲ್ಲಾ ಇಬ್ನು ಅಮ್ರ್(ರ) ಎರಡೆರಡು ಬಾರಿ ವಿಚಾರಿಸಿದರು. ಮಾಂಸದಲ್ಲಿ ಪಾಲಿರುವ ಆ ನೆರೆಯವರಿಗೆ ನೆಮ್ಮದಿಯ ರಾತ್ರಿಯಲ್ಲೂ ಪಾಲಿದೆ.

ಇನ್ನು ಕಾನೂನಿನ ವಿಷಯ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಎಂದರೆ 10 ಗಂಟೆಯಿಂದ ಬೆಳಿಗ್ಗೆ 6 ಗಂಟೆಯವರೆಗೆ. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿಯದು 45. ಆಸ್ಪತ್ರೆ, ವಿದ್ಯಾಸಂಸ್ಥೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ನಿಶ್ಶಬ್ದ ವಲಯದಲ್ಲಿ ರಾತ್ರಿಯ ಮಿತಿ 40. ಇಬ್ಬರು ಎದುರುಬದುರು ಕುಳಿತು ಸಹಜವಾಗಿ ಮಾತನಾಡಿದರೇ ಸುಮಾರು 60 ಡೆಸಿಬೆಲ್ ಆಗುತ್ತದೆ. ಅಳತೆ 10 ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ. ಹೀಗಿರುವಾಗ ಗಲ್ಲಿಯ ನಡುವೆ ಇಟ್ಟ ಆಳೆತ್ತರದ ಸ್ಪೀಕರ್ ಮಿತಿಯನ್ನು ಎಷ್ಟು ಪಟ್ಟು ಮೀರುತ್ತದೆಂದು ಊಹಿಸಿಕೊಳ್ಳಬಹುದು. ಇತರರ ಶಾಂತಿ ಕದಡಿ, ಧ್ವನಿವರ್ಧಕದಲ್ಲಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ವಿಧಿಸಿಲ್ಲವೆಂದು ಸುಪ್ರೀಂ ಕೋರ್ಟ್ 2000ದಲ್ಲಿಯೇ ಅಭಿಪ್ರಾಯಪಟ್ಟಿತ್ತು. 2005ರ ಜುಲೈ 18ರ ತೀರ್ಪಿನಲ್ಲಿ ಶಬ್ದವಿಲ್ಲದ ನೆಮ್ಮದಿಯನ್ನು ಜೀವಿಸುವ ಹಕ್ಕಿನೊಂದಿಗೆ ಜೋಡಿಸಿತು. ಆದರೆ ನಮ್ಮನ್ನು ಪೊಲೀಸರ ಭಯ ತಡೆಯಬೇಕಾಗಿಲ್ಲ. ಧ್ವನಿ ತಗ್ಗಿಸಬೇಕೆಂದು ಲುಕ್ಮಾನರು ತಮ್ಮ ಮಗನಿಗೆ ನೀಡಿದ ಉಪದೇಶ ಕುರ್‌ಆನಿನಲ್ಲಿದೆ. ಅತ್ಯಂತ ಕರ್ಕಶ ಧ್ವನಿ ಯಾವ ಪ್ರಾಣಿಯದೆಂದೂ ಅಲ್ಲಿಯೇ ಹೇಳಲಾಗಿದೆ.

ನಾವು ಏನು ಮಾಡಬಹುದು?

ಕೆಲವು ಸಲಹೆಗಳನ್ನು ನಮ್ಮ ಕುಟುಂಬಗಳ, ಮಸೀದಿ ಕಮಿಟಿಗಳ ಮುಂದಿಡಲು ಬಯಸುತ್ತೇವೆ.

ನಿಕಾಹ್ ನೋಂದಣಿಗೆ ಬರುವ ಎರಡೂ ಕುಟುಂಬಗಳಿಗೆ, ರಾತ್ರಿ 10ರ ಬಳಿಕ ಗಲ್ಲಿಯಲ್ಲಿ ಸಂಗೀತವಿಲ್ಲವೆಂಬ ಷರತ್ತನ್ನು ಕಮಿಟಿಯು ಮೊದಲೇ ತಿಳಿಸಲಿ. ಮಹರ್, ಸಾಕ್ಷಿಗಳ ವಿವರ ಬರೆದುಕೊಳ್ಳುವಾಗ ಇದನ್ನೂ ನೆನಪಿಸಲು ಎರಡು ನಿಮಿಷ ಸಾಕು. ಮದುವೆಯನ್ನು ಘೋಷಿಸಬೇಕೆಂಬುದು ಸುನ್ನತ್ತು. ಆದರೆ ಇಡೀ ಮೊಹಲ್ಲಾದ ಕಿಟಕಿ ನಡುಗಿಸಬೇಕೆಂದು ಯಾರೂ ಹೇಳಿಲ್ಲ.

ರಾತ್ರಿಯ ಧಾರ್ಮಿಕ ಸಭೆಗಳು ಇಶಾ ಬಳಿಕ ಬೇಗನೆ ಆರಂಭವಾಗಿ 10ರೊಳಗೆ ಮುಗಿಯಲಿ. ಧ್ವನಿ ಸಭೆಯಲ್ಲಿ ಕುಳಿತವರಿಗೆ ತಲುಪಿದರೆ ಸಾಕು. ಬರಲು ಮನಸ್ಸಿಲ್ಲದವನ ಮಲಗುವ ಕೋಣೆಗೆ ಪ್ರವಚನ ತಲುಪಿಸುವುದರಿಂದ ದೀನ್‌ನ ಮೇಲೆ ಪ್ರೀತಿ ಹುಟ್ಟುವುದಿಲ್ಲ.

ರಮಝಾನ್‌ನಲ್ಲಿ ಸಹರಿಗೆ ಎಬ್ಬಿಸುವ ಘೋಷಣೆಗಳು ನಿಲ್ಲಲಿ. ಹಿಂದೆ ದಫ್ ಬಾರಿಸುತ್ತಾ, ಮನೆಯವರ ಹೆಸರು ಹಿಡಿದು ಕರೆಯುತ್ತಾ ಫಕೀರರು ಗಲ್ಲಿಗಳಲ್ಲಿ ನಡೆಯುತ್ತಿದ್ದರು. ಗಡಿಯಾರವಿಲ್ಲದ ಮನೆಗಳಿಗೆ ಅದು ಉಪಕಾರವಾಗಿತ್ತು. ಇಂದು ಪ್ರತಿಯೊಬ್ಬರ ತಲೆದಿಂಬಿನ ಬಳಿ ಅಲಾರಾಂ ಇರುವ ಮೊಬೈಲ್ ಇದೆ. ಉಪವಾಸವಿಲ್ಲದ ರೋಗಿಯನ್ನು, ಹಸುಳೆಯನ್ನು, ಬೇರೆ ಧರ್ಮದ ನೆರೆಯವರನ್ನು ಮೂರೂವರೆಗೆ ಎಬ್ಬಿಸಿ ನಾವು ಯಾವ ಪುಣ್ಯ ಗಳಿಸುತ್ತೇವೆ?

ಸೈಲೆನ್ಸರ್ ಬದಲಾಯಿಸಿ ಬೈಕ್ ಓಡಿಸುವ ಯುವಕರಿಗೆ, ಮುಖ್ಯವಾಗಿ ಬರಾತ್ ಮತ್ತು ಈದ್ ರಾತ್ರಿಗಳಲ್ಲಿ, ತಂದೆಯರೇ ಬುದ್ಧಿ ಹೇಳಲಿ. ಕಫನು ಧರಿಸಿ ಮಲಗಿರುವವರಿಗಾಗಿ ದುಆ ಮಾಡಲು ಹೊರಟ ರಾತ್ರಿಯಲ್ಲಿ, ಹಾಸಿಗೆಯಲ್ಲಿ ಮಲಗಿರುವವರನ್ನು ಬೆಚ್ಚಿಬೀಳಿಸುವುದು ಯಾವ ನ್ಯಾಯ?

ಕೊನೆಯ ಸಲಹೆಗೆ ಯಾವ ಕಮಿಟಿಯೂ ಬೇಡ. ವಾರಕ್ಕೊಮ್ಮೆ ಇಶಾ ಬಳಿಕ ಮನೆಯ ಎಲ್ಲ ಮೊಬೈಲುಗಳನ್ನು ಬದಿಗಿಟ್ಟು, ಟಿವಿ ಆರಿಸಿ, ಮಕ್ಕಳೊಂದಿಗೆ ಕಿಟಕಿಯ ಬಳಿ ಅಥವಾ ತಾರಸಿಯ ಮೇಲೆ ಕಾಲು ಗಂಟೆ ಸುಮ್ಮನೆ ಕುಳಿತುಕೊಳ್ಳೋಣ. ಏನೇನು ಕೇಳಿಸುತ್ತದೆಂದು ಮಕ್ಕಳನ್ನೇ ಕೇಳೋಣ. ಹೊಲಿಗೆ ಯಂತ್ರದ ಸದ್ದು ಕೇಳಿಸಿದರೆ, ಅದರ ಹಿಂದಿರುವ ಮನೆಯವರ ದುಡಿಮೆಯ ಬಗ್ಗೆ ಹೇಳೋಣ. ನಮ್ಮ ಈದ್ ಬಟ್ಟೆಯ ಕೂಲಿಯನ್ನು ಚೌಕಾಸಿ ಮಾಡದಿರೋಣ. ಆಂಬುಲೆನ್ಸ್ ಕೇಳಿಸಿದರೆ ಒಳಗಿರುವ ಅಪರಿಚಿತನಿಗಾಗಿ ದುಆ ಮಾಡಲು ಕಲಿಸೋಣ. ಮಗುವಿನ ಅಳು ಪ್ರತಿ ರಾತ್ರಿ ಕೇಳಿಸುತ್ತಿದ್ದರೆ, ಬೆಳಿಗ್ಗೆ ಆ ತಾಯಿಯ ಬಾಗಿಲು ತಟ್ಟಿ ಏನಾದರೂ ಬೇಕೇ ಎಂದು ವಿಚಾರಿಸೋಣ. ಕೋಳಿ ಕೂಗಿದಾಗ ಅಲ್ಲಾಹನ ಅನುಗ್ರಹವನ್ನು ಬೇಡಲು, ರಾತ್ರಿ ನಾಯಿ ಬೊಗಳಿದಾಗ ಅವನ ಅಭಯ ಕೋರಲು ಪ್ರವಾದಿ(ಸ) ಕಲಿಸಿದ್ದಾರೆ. ಪ್ರಾಣಿಗಳ ಧ್ವನಿಗೂ ಒಂದೊಂದು ದುಆ ಇರುವ ದೀನ್‌ನಲ್ಲಿ ಮನುಷ್ಯನ ನರಳಿಕೆಗೆ ಉತ್ತರವಿಲ್ಲದಿರಲು ಸಾಧ್ಯವೇ?

ಅಲ್ಲಾಹನು ಕಿವಿ, ಕಣ್ಣು, ಹೃದಯ ಇವುಗಳಲ್ಲಿ ಪ್ರತಿಯೊಂದರ ಬಗ್ಗೆಯೂ ವಿಚಾರಣೆ ನಡೆಸುವನೆಂದು ಕುರ್‌ಆನ್ ಎಚ್ಚರಿಸಿದೆ. ಆ ಪಟ್ಟಿಯಲ್ಲಿ ಕಿವಿಯೇ ಮೊದಲು. ನಿನ್ನ ಗೋಡೆಯಾಚೆ ನನ್ನ ದಾಸನೊಬ್ಬನು ರಾತ್ರಿಯಿಡೀ ಕೆಮ್ಮುತ್ತಿದ್ದ, ನಿನಗೆ ಕೇಳಿಸಲಿಲ್ಲವೇ ಎಂಬ ಪ್ರಶ್ನೆ ಅಂದು ಎದುರಾದರೆ, ಸ್ಪೀಕರಿನ ಸದ್ದಿನಲ್ಲಿ ಕೇಳಿಸಲಿಲ್ಲವೆಂಬ ಉತ್ತರ ಸಾಲದು. ನಮ್ಮ ಧ್ವನಿಯಿಂದ ಯಾರ ನಿದ್ದೆಯೂ ಕೆಡದಂತೆ, ಯಾರ ಸಂಕಟವೂ ನಮ್ಮ ಕಿವಿ ತಪ್ಪಿಹೋಗದಂತೆ ಬಾಳುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ, ಆಮೀನ್.